ಅಕ್ಕನ ಸೈಕಲ್ಲಿಗೆ ಬಂದ ಹೊಸ ಪೆಡಲ್ಲು

ನಮ್ಮ ಕಡೆಯ ಹಳ್ಳಿಗಳಲ್ಲಿ ಸೈಕಲ್ಲಿಗೂ ಎತ್ತಿಗೂ ಒಂದೇ ಮರ್ಯಾದೆ ಇದ್ದ ಕಾಲ ಅದು. ಅಮಾವಾಸ್ಯೆಯ ದಿನ ಎತ್ತಿನ ಮೈ ತೊಳೆದ ಮೇಲೆ ಸೈಕಲ್ಲನ್ನೂ ತೊಳೆದು ಹ್ಯಾಂಡಲ್ಲಿಗೆ ಅರಿಸಿನದ ಭಂಡಾರ ಹಚ್ಚುತ್ತಿದ್ದರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ದೇವದುರ್ಗ ತಾಲೂಕಿನ ಜಾಲಹಳ್ಳಿಯಿಂದ ಎರೆಹೊಲಗಳ ನಡುವೆ ಒಳಗೆ ಹೋದರೆ ಸಿಗುವ, ಬಸ್ಸಿನ ಮುಖ ಕಾಣದ ಹಳ್ಳಿ ನಮ್ಮದು. ಅಪ್ಪ ಕಂಬಳಿ ಗಂಟು ಹೇರಿಕೊಂಡು ವರ್ಷಗಟ್ಟಲೆ ಸಂತೆಯಿಂದ ಸಂತೆಗೆ ತುಳಿದ ಸೈಕಲ್ಲೊಂದು ನಮ್ಮ ಮನೆಯಲ್ಲಿತ್ತು. ಕಂಬಳಿಗಳು ಲಾರಿ ಹತ್ತತೊಡಗಿದ ಮೇಲೆ ಅದು ಗೋಡೆ ಸೇರಿತು. ಗೋಡೆಯಿಂದ ಅದನ್ನು ಎತ್ತಿಕೊಂಡವಳು ನನ್ನ ಅಕ್ಕ ಅಮರಮ್ಮ.

ಅಕ್ಕ ಆಗ ಜಾಲಹಳ್ಳಿಯಲ್ಲಿ ಹತ್ತನೆಯ ತರಗತಿ. ನಮ್ಮೂರ ಶಾಲೆ ನಾಲ್ಕಕ್ಕೇ ಮುಗಿಯುತ್ತಿದ್ದುದರಿಂದ ಐದನೆಯ ತರಗತಿಯ ತಂಗಿ ನಾನೂ ಅವಳ ಹಿಂದೆ ಕ್ಯಾರಿಯರ್ ಮೇಲೆ. ಅದುವರೆಗೆ ಅವಳ ಜೊತೆ ನಡೆದು ಬರುತ್ತಿದ್ದ ಹುಡುಗಿಯರು ಒಬ್ಬೊಬ್ಬರೇ ಮದುವೆಯಾಗಿ ಹೋಗಿದ್ದರು. ಒಂಟಿ ಹುಡುಗಿ ಅಷ್ಟು ದೂರ ನಡೆಯುವುದು ಬೇಡ ಎಂದಿದ್ದ ಅಜ್ಜಿಗೆ, ಅದೇ ಹುಡುಗಿ ಗಂಡಸರ ಸೈಕಲ್ಲು ಹತ್ತಿದ್ದನ್ನು ಸಹಿಸುವುದು ಇನ್ನಷ್ಟು ಕಷ್ಟವಾಯಿತು. ಊಟಕ್ಕೆ ಕೂತಾಗಲೆಲ್ಲ ಅದೇ ಮಾತು. ಅಪ್ಪನೋ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದೇ ಬದುಕಿದವನು. ಒಂದು ದಿನ ಎದ್ದು ಹೋಗಿ ಸೈಕಲ್ಲನ್ನು ಹಿಂದೆ ಮುಂದೆ ನೋಡಿದ. ಟೈರು ಇನ್ನೂ ಚೆನ್ನಾಗಿತ್ತು. ಬ್ರೇಕು ಮನಸ್ಸು ಬಂದಾಗ ಹಿಡಿಯುತ್ತಿತ್ತು. ಪೆಡಲ್ಲು ಮಾತ್ರ ಪೂರ್ತಿ ಸವೆದಿದ್ದವು. ರಬ್ಬರೆಲ್ಲ ಹೋಗಿ ಬರೀ ಕಬ್ಬಿಣದ ಸಲಾಕೆ ಉಳಿದಿದ್ದವು, ತುಳಿದರೆ ಸಡಿಲ ಹಲ್ಲಿನ ಹಾಗೆ ಅಲ್ಲಾಡುತ್ತಿದ್ದವು.

“ಈ ಪೆಡಲ್ ತಡಿಯೋತನಕ ಹೋಗ್ಲಿ ಬೇ ಯವ್ವಾ,” ಎಂದ ಅಜ್ಜಿಗೆ. “ಅವು ಹ್ವಾದ್ವು ಅಂದ್ರ ಮನ್ಯಾಗ ಕುಂದ್ರತಾಳ. ಹೊಸಾವು ನಾ ಹಾಕ್ಸಂಗಿಲ್ಲ.”

ಅಜ್ಜಿ ತನ್ನಷ್ಟಕ್ಕೇ ಲೆಕ್ಕ ಹಾಕಿದಳು, ದೀಪಾವಳಿಗೆ ಮುಗಿಯುತ್ತದೆ ಎಂದು ಸುಮ್ಮನಾದಳು. ಅಕ್ಕನೂ ಒಪ್ಪಿದಳು. ಅವಳಿಗೆ ಬೇಕಾಗಿದ್ದದ್ದು ಮಾರ್ಚಿಯವರೆಗಿನ ದಾರಿ ಮಾತ್ರ, ಮ್ಯಾಟ್ರಿಕ್ ಪರೀಕ್ಷೆ ಬರೆಯುವವರೆಗೆ. ನಮ್ಮ ಇಡೀ ವಂಶದಲ್ಲಿ ಗಂಡಸರೂ ಆ ಪರೀಕ್ಷೆಯ ಹತ್ತಿರ ಸುಳಿದಿರಲಿಲ್ಲ.

ಜಾಲಹಳ್ಳಿಯ ಸೈಕಲ್ ಅಂಗಡಿಯ ಖಾಜಾಸಾಬ ಪೆಡಲ್ಲನ್ನು ಕೈಯಲ್ಲಿ ಒಮ್ಮೆ ತಿರುಗಿಸಿ ನೋಡಿ, ಇದಕ್ಕೆ ಸರ್ವೀಸು ಮಾಡುವುದು ದಂಡ, ಬದಲಾಯಿಸುವುದೇ ದಾರಿ ಎಂದುಬಿಟ್ಟ. ಬದಲಾಯಿಸುವ ಹಾಗಿಲ್ಲ, ಮನೆಯಲ್ಲಿ ಮಾತಾಗಿದೆ ಎಂದು ಅಕ್ಕ ವಿಷಯ ಹೇಳಿದಳು. ಅವನು ನಕ್ಕ. ಬೇರೆ ಸೈಕಲ್ಲುಗಳಿಂದ ಬಿಚ್ಚಿಟ್ಟ ಹಳೆಯ ಬೇರಿಂಗ್ ಗುಂಡುಗಳಿದ್ದ ಡಬ್ಬಿಯನ್ನು ಅವಳ ಮುಂದೆ ಸರಿಸಿ, ಆರಿಸಿಕೊ ಎಂದ.

ಅವತ್ತಿನಿಂದ ನಮ್ಮ ಭಾನುವಾರಗಳಿಗೆ ಸೀಮೆಎಣ್ಣೆಯ ವಾಸನೆ ಹತ್ತಿತು. ಅಂಗಳದ ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿ ಅಕ್ಕ ಪೆಡಲ್ಲು ಬಿಚ್ಚಿ ಕೂರುತ್ತಿದ್ದಳು. ಒಳಗಿನ ಗುಂಡುಗಳನ್ನು ಸೀಮೆಎಣ್ಣೆಯ ಬಟ್ಟಲಲ್ಲಿ ತೊಳೆಯುವುದು ನನ್ನ ಕೆಲಸ. ಚಪ್ಪಟೆಯಾದದ್ದನ್ನು ತೆಗೆದು ಖಾಜಾಸಾಬನ ಗುಂಡು ಹಾಕಿ, ಗ್ರೀಸು ತುಂಬಿ, ನಟ್ಟು ಬಿಗಿ ಮಾಡುತ್ತಿದ್ದಳು. ಜಾಸ್ತಿ ಬಿಗಿದರೆ ತಿರುಗದು, ಸಡಿಲ ಬಿಟ್ಟರೆ ಅಲ್ಲಾಡುತ್ತದೆ. ರಬ್ಬರಿನ ಜಾಗಕ್ಕೆ ಹಳೆ ಟೈರಿನ ತುಂಡು ಕತ್ತರಿಸಿ ತಂತಿಯಲ್ಲಿ ಕಟ್ಟಿದಳು. ತೆಗೆದು ಎಸೆದ ಗುಂಡುಗಳಿಗೆ ಊರ ಹುಡುಗರು ನನ್ನ ಹಿಂದೆ ಬೀಳುತ್ತಿದ್ದರು. ನನ್ನ ಜೀವನದಲ್ಲಿ ಅಷ್ಟು ಧಿಮಾಕು ಮಾಡಿದ ಕಾಲ ಇನ್ನೊಂದಿಲ್ಲ.

ದೀಪಾವಳಿ ಬಂತು, ಹೋಯಿತು. ಪೆಡಲ್ಲು ಹೋಗಲಿಲ್ಲ. ಚಳಿ ಬಿದ್ದು, ಹೊಲಗಳಲ್ಲಿ ಹಸಿ ಜೋಳದ ತೆನೆ ಸುಡುವ ಸೀತನಿಯ ದಿನಗಳು ಬಂದವು. ಶಾಲೆಯಿಂದ ಬರುವಾಗ ಯಾರಾದರೂ ಹೊಲದವರು ಕರೆಯುತ್ತಿದ್ದರು. ಬಿಸಿ ಸೀತನಿಗೆ ಶೇಂಗಾ ಹಿಂಡಿಯ ಚಟ್ನಿಪುಡಿ ಕಲಸಿಕೊಂಡು, ಬಾಯಿ ಸುಟ್ಟುಕೊಂಡು ತಿಂದು, ಮತ್ತೆ ಸೈಕಲ್ಲು ಹತ್ತುತ್ತಿದ್ದೆವು. ಕ್ಯಾರಿಯರ್ ಮೇಲೆ ಕೂತ ನಾನು ಅವಳು ಹೇಳಿಕೊಟ್ಟಂತೆ ಇತಿಹಾಸದ ಪ್ರಶ್ನೆ ಕೇಳಬೇಕು, ಅವಳು ತುಳಿಯುತ್ತ ಉತ್ತರ ಹೇಳಬೇಕು. ಏರು ಬಂದರೆ ಉತ್ತರ ಅರ್ಧಕ್ಕೆ ನಿಂತು ಬರೀ ಉಸಿರು ಕೇಳಿಸುತ್ತಿತ್ತು. ಇಳಿಜಾರಿನಲ್ಲಿ ಉಳಿದರ್ಧ. ಅಜ್ಜಿ ಮಾತ್ರ ಸಂಜೆ ಬಾಗಿಲಲ್ಲೇ ಕೂತು, ಪೆಡಲ್ಲಿನ ಸದ್ದು ಹೇಗಿದೆ ಎಂದು ಕಿವಿಗೊಡುತ್ತಿದ್ದಳು.

ಸಂಕ್ರಾಂತಿ ಕಳೆದು ಒಂದು ಸಂಜೆ ಅಪ್ಪ ರಾಯಚೂರಿನಿಂದ ಬಂದ. ಕೈಯಲ್ಲಿ ಕಾಗದದ ಪೊಟ್ಟಣ. ನಾನೇ ಕಸಿದುಕೊಂಡು ಬಿಚ್ಚಿದೆ. ಒಂದು ಜೊತೆ ಹೊಸ ಪೆಡಲ್ಲು, ಕರ್ರಗೆ, ಮಿರಿಮಿರಿ ಮಿಂಚುತ್ತ. ಅಕ್ಕನ ಹಟ ಗೆದ್ದಿತು, ಅಪ್ಪನ ಮನಸ್ಸು ಕರಗಿತು ಎಂದು ನಾನು ಅಂಗಳ ತುಂಬ ಕುಣಿದೆ. ಅಕ್ಕ ಒಂದನ್ನು ಕೈಗೆ ತೆಗೆದುಕೊಂಡು ರಬ್ಬರನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದಳು, ಮೂಸಿದಳು. ಅವಳ ಮುಖದ ತುಂಬ ಸಂತೋಷವಿತ್ತು.

“ಹಳೇವು ಮಾರ್ಚ್ ತನಕ ತಡೀತಿದ್ವಲ್ಲಪ್ಪಾ,” ಎಂದಳು. “ಯಾಕ ತರಾಕ ಹೋದಿ?”

ಅಪ್ಪ ರುಮಾಲು ಬಿಚ್ಚುತ್ತ ಆ ಕಡೆ ತಿರುಗಿದ. ಉತ್ತರ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವನಿಂದ ಬಂತು.

“ಮಾನ್ವಿ ಕಡಿಯವ್ರು ಒಪ್ಯಾರವ್ವಾ. ಹುಡುಗಗ ಗಡಿಯಾರ, ಸೈಕಲ್ ಕೇಳ್ಯಾರ. ಸೈಕಲ್ ಮನ್ಯಾಗ ಅದ ಅಲ್ಲ, ಪೆಡಲ್ ಹಾಕಿ ಬಣ್ಣ ಹೊಡದ್ರ ಆತು ಅಂದ ನಿಮ್ಮಪ್ಪ.”

ಅಕ್ಕ ಪೆಡಲ್ಲನ್ನು ಮತ್ತೆ ಕಾಗದದಲ್ಲಿ ಸುತ್ತಿಟ್ಟಳು. ಅಳಲಿಲ್ಲ. ಪರೀಕ್ಷೆ ಎಂದು ಒಂದೇ ಒಂದು ಸಲ ಕೇಳಿದಳು. ಅವರೂ ಒಳ್ಳೆಯ ಜನ, ಅಲ್ಲಿಂದಲೇ ಬಂದು ಬರೆಯಲಿ ಎಂದಿದ್ದಾರೆ ಎಂದು ಅಪ್ಪ ಹೇಳಿದ. ಹಾಗೆ ಅವನೇ ನಂಬಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ನಟ್ಟು ಬಿಚ್ಚುವ ಪಾನಾ ಹಿಡಿದು ಹಳೆಯ ಪೆಡಲ್ಲು ತೆಗೆಯಲು ಕೂತ. ಬಲಗಡೆಯದು ಬಂತು. ಎಡಗಡೆಯದು ಏನು ಮಾಡಿದರೂ ಜಗ್ಗಲಿಲ್ಲ. ಅವನು ಬೆವರಿ, ಬೈದು, ಸುತ್ತಿಗೆಯಿಂದ ಹೊಡೆಯಲು ಹೊರಟ. ಅಲ್ಲಿಯವರೆಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಕ್ಕ ಬಂದು ಅವನ ಕೈಯಿಂದ ಪಾನಾ ತೆಗೆದುಕೊಂಡಳು.

“ಎಡಗಡೀದು ಉಲ್ಟಾ ತಿರುಗಸ್ಬೇಕಪ್ಪಾ,” ಎಂದಳು.

ತಿರುಗಿಸಿದಳು. ಇಷ್ಟು ದಿನ ತಾನೇ ಉಳಿಸಿಕೊಂಡು ಬಂದದ್ದನ್ನು ತಾನೇ ಬಿಚ್ಚಿ ನೆಲಕ್ಕಿಟ್ಟಳು. ಹೊಸದಕ್ಕೆ ಗ್ರೀಸು ಹಚ್ಚಿ ಕೂರಿಸಿ, ಬಿಗಿದು, ಕೈಯಲ್ಲಿ ಒಮ್ಮೆ ತಿರುಗಿಸಿ ಬಿಟ್ಟಳು. ಚೂರೂ ಸದ್ದಿಲ್ಲದೆ ಅದು ಬಹಳ ಹೊತ್ತು ತಿರುಗಿತು. ಅಪ್ಪ ಎದ್ದು ಕುರಿಹಟ್ಟಿಯ ಕಡೆ ಹೋದವನು ಮಧ್ಯಾಹ್ನದ ಊಟಕ್ಕೂ ಬರಲಿಲ್ಲ.

ಮದುವೆಯಾಯಿತು. ಮಾರ್ಚಿಯಲ್ಲಿ ಅವರ ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ, ಯಾರೂ ಕಳಿಸಲೂ ಇಲ್ಲ. ಹೊಲದಲ್ಲಿ ಜೋಳದ ರಾಶಿ ಇತ್ತು, ಅತ್ತೆಗೆ ಜ್ವರವಿತ್ತು. ಭಾವ ಆ ಸೈಕಲ್ಲನ್ನು ಚೆನ್ನಾಗಿಯೇ ಇಟ್ಟುಕೊಂಡ, ಅಕ್ಕನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಮಾನ್ವಿ ಸಂತೆಗೆ ಕರೆದೊಯ್ಯುತ್ತಿದ್ದ. ಅವಳು ಮತ್ತೆ ಅದನ್ನು ತುಳಿದದ್ದನ್ನು ನಾನು ನೋಡಿಲ್ಲ. ಸೈಕಲ್ಲಿಲ್ಲದ ನಾನು ಒಂದು ವರ್ಷ ಮನೆಯಲ್ಲಿ ಉಳಿದೆ. ಮರುವರ್ಷ ಊರಿಗೆ ಬಸ್ಸು ಬಂತು. ಬಸ್ಸಿಗೆ ಪೆಡಲ್ಲಿಲ್ಲ, ಅಜ್ಜಿಗೆ ಷರತ್ತು ಹಾಕಲು ಏನೂ ಸಿಗಲಿಲ್ಲ. ನಾನು ಓದಿದೆ, ಟೀಚರಾದೆ.

ನನ್ನ ಶಾಲೆಯ ಹುಡುಗಿಯರಿಗೆ ಈಗ ಸರಕಾರವೇ ಸೈಕಲ್ಲು ಕೊಡುತ್ತದೆ. ಪೆಡಲ್ಲು ಕೆಟ್ಟರೆ ಗೋಡೆಗೆ ಒರಗಿಸಿ ಅಪ್ಪನ ಬೈಕಿನಲ್ಲಿ ಬರುತ್ತಾರೆ. ಒಳ್ಳೆಯದೇ ಆಯಿತು, ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಏರಿನಲ್ಲಿ ಉಸಿರು ಬಿಡುತ್ತ, ಇಳಿಜಾರಿನಲ್ಲಿ ಉತ್ತರ ಹೇಳುತ್ತಿದ್ದ ಆ ಚಳಿಗಾಲದ ಅಕ್ಕ ನನಗೆ ಮತ್ತೆ ಸಿಗಲಿಲ್ಲ. ಮಾನ್ವಿಯ ಆ ಮನೆಯಲ್ಲಿ ಸಿಗುವವಳು ಕಡಿಮೆ ಮಾತಿನ, ಮೊಮ್ಮಕ್ಕಳ ಅಜ್ಜಿ.

ಹೋದ ದಸರೆಗೆ ಹೋದಾಗ, ಅವಳು ಪುಂಡಿಸೊಪ್ಪು ಸೋಸುತ್ತಿದ್ದಳು. ನಾನು ಈ ಹುಡುಗಿಯರ ಸೈಕಲ್ಲಿನ ಕತೆ ಹೇಳಿ ನಗಿಸಲು ನೋಡಿದೆ. ಅವಳು ನಗಲಿಲ್ಲ. ಸೊಪ್ಪಿನಿಂದ ತಲೆ ಎತ್ತದೆ, ಅವರಿಗೆ ಪರೀಕ್ಷೆ ಯಾವಾಗ ಎಂದು ಕೇಳಿದಳು. ಮಾರ್ಚಿ ಎಂದೆ.

“ಇನ್ನಾ ಟೈಮ್ ಅದ ಬಿಡು,” ಎಂದಳು ಅಕ್ಕ.