ಸುಂಡಿಲಿಗಿಟ್ಟ ಸಿಗಡಿ

ಕಾಡಾನೆ ಕೂಡ ನನ್ನ ಕ್ಯಾಮೆರಾ ಕಂಡರೆ ಸೊಂಡಿಲೆತ್ತಿ ಪೋಸು ಕೊಡುತ್ತದೆ ಎಂದು ಊರೆಲ್ಲ ಹೇಳಿಕೊಂಡು ತಿರುಗುವ ಮನುಷ್ಯ ನಾನು. ಮಟ್ಟಾಂಚೇರಿಯ ಶುಂಠಿ ಗೋದಾಮಿನಲ್ಲಿ ರಾತ್ರಿ ಓಡಾಡುವ ಸುಂಡಿಲಿ, ಹೆಗ್ಗಣಗಳ ಲೆಕ್ಕ ಹಿಡಿಯಲು ಹೋದಾಗ ಮಾತ್ರ ಜೊತೆಗಿದ್ದದ್ದು ಅಗ್ಗದ ಮೂರು ಕ್ಯಾಮೆರಾ. ಎದುರಿಗೆ ಏನು ಅಲುಗಾಡಿದರೂ ಅವು ತಾವಾಗಿಯೇ ಫೋಟೊ ಹೊಡೆಯುತ್ತವೆ.

ಇಲಿಗಳನ್ನು ಸೆಳೆಯಲೆಂದು, ಗೋದಾಮು ಗುಡಿಸುವ ಲೀಲಾ ಚೇಚಿ, ಅಂದರೆ ಲೀಲಕ್ಕ, ಮನೆಯಿಂದ ಒಣಸಿಗಡಿ ಹುರಿದು ತಂದಿದ್ದರು. ಮಧ್ಯಾಹ್ನ ಕ್ಯಾಮೆರಾಗಳ ಎದುರು ಇಟ್ಟದ್ದು ಸಂಜೆಯೊಳಗೇ ಖಾಲಿ! ಹಗಲು ಹೊತ್ತಲ್ಲಿ ಯಾವ ಇಲಿ ಬಂತು ಎಂದು ಗೋದಾಮಿನ ಮಾಲೀಕರಾದ ಮುದಲಾಳಿ ಕೇಳಿದರು.

"ನಾನಂತೂ ಶುದ್ಧ ಸಸ್ಯಾಹಾರಿ ಸ್ವಾಮಿ," ಎಂದು ಎದೆ ತಟ್ಟಿಕೊಂಡು ಚೇಚಿಯ ಕಡೆ ನೋಡಿದೆ.

"ನಾನೇ ಹುರಿದು ತಂದದ್ದನ್ನು ನಾನೇ ಕದಿಯುತ್ತೇನಾ ಸಾರ್?" ಎಂದರು ಚೇಚಿ.

"ನಾಳೆಯಿಂದ ನೀನು ಬರಬೇಡ," ಎಂದರು ಮುದಲಾಳಿ.

"ಕ್ಯಾಮೆರಾ ತೆಗೆದು ನೋಡಿ, ಆಮೇಲೆ ಹೋಗುತ್ತೇನೆ," ಎಂದು ಚೇಚಿ ಪೊರಕೆ ಹಿಡಿದು ಅಲ್ಲೇ ನಿಂತರು.

ನೋಡಿದೆವು. ಮಂಡಿಯೂರಿ, ಕಣ್ಣು ಮುಚ್ಚಿ ಸಿಗಡಿ ಚಪ್ಪರಿಸುತ್ತಿದ್ದವನು ನಾನೇ. ಒಂದಲ್ಲ, ಹನ್ನೊಂದು ಫೋಟೊ. ಕ್ಯಾಮೆರಾ ಇನ್ನೂ ಚಾಲೂ ಆಗಿಲ್ಲ ಎಂದುಕೊಂಡಿದ್ದೆ.

"ತಪ್ಪಾಯ್ತು ಚೇಚಿ," ಎನ್ನಲು ಬಾಯಿ ತೆರೆದರೆ ಬಾಯಲ್ಲಿನ್ನೂ ಸಿಗಡಿಯ ವಾಸನೆ.

ಚೇಚಿ ನನ್ನ ಮುಖ ನೋಡಲಿಲ್ಲ. "ಕೇಳಿದ್ದರೆ ಅನ್ನದ ಜೊತೆ ಬಡಿಸುತ್ತಿದ್ದೆನಲ್ಲ," ಎಂದು ಗುಡಿಸತೊಡಗಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ವರದಿಯಲ್ಲಿ ಸುಂಡಿಲಿ, ಹೆಗ್ಗಣ ಎರಡನ್ನೇ ಬರೆದೆ. ಮೂರನೆಯ ಪ್ರಾಣಿ ಹಗಲಲ್ಲೇ ಕದ್ದು ತಿನ್ನುವಂಥದು, ಆದ್ದರಿಂದ ನಿಶಾಚರಿಗಳ ಪಟ್ಟಿಗೆ ಸೇರಲಿಲ್ಲ.