ಅಜ್ಜಿಯ ಹಾಲಿಗೆ ಬಂದ ಅಪವಾದ

ನನ್ನ ಅಮ್ಮನಿಗೆ ತೊಂಬತ್ತು ದಾಟಿದೆ. ಹೆತ್ತವಳ ಹಾಲು ಒಂದು ಹನಿಯೂ ಕುಡಿಯದೆ ಬೆಳೆದವಳು. ಅವಳಿಗಿಂತ ಮುಂಚೆ ಹುಟ್ಟಿದ ಎರಡು ಗಂಡುಕೂಸುಗಳು ಭದ್ರಾವತಿಯ ಹಳೇ ಊರಿನ ಓಣಿಯಲ್ಲಿ, ಒಂದರ ಹಿಂದೊಂದು, ವಾಂತಿಭೇದಿಯಾಗಿ ಹೋದವು. ಅಜ್ಜಿಯ ಹಾಲೇ ವಿಷ ಎಂದು ಮನೆಯವರು ತೀರ್ಮಾನಿಸಿಬಿಟ್ಟರು. ಅಮ್ಮ ಹುಟ್ಟಿದಾಗ ಹಸುವಿನ ಹಾಲು ಕಾಯಿಸಿ ಒಳಲೆಯಲ್ಲಿ ಕುಡಿಸಿದರು. ಅಜ್ಜಿ ತನ್ನ ಹಾಲನ್ನು ಬಚ್ಚಲಿಗೆ ಹಿಂಡಿಕೊಳ್ಳುತ್ತಿದ್ದಳಂತೆ. ಅಮ್ಮ ಬದುಕಿದಳು. ಅಲ್ಲಿಗೆ ಅಪವಾದ ಖಾಯಂ ಆಯಿತು.

"ಊರೆಲ್ಲ ಅಂದ್ರೂ ನಿಮ್ಮಪ್ಪ ಒಬ್ರು ಮಾತ್ರ ಒಂದಿನಾನೂ ಅನ್ಲಿಲ್ಲ ಕಣೇ." ಅಜ್ಜನ ಬಗ್ಗೆ ಅಜ್ಜಿ ಅಮ್ಮನಿಗೆ ಹೀಗೆ ಹೇಳುತ್ತಿದ್ದಳಂತೆ. ಸಾಯುವವರೆಗೂ ಅವಳಿಗೆ ಇದ್ದ ಸಮಾಧಾನ ಇದೊಂದೇ.

ನಾನೋ, ಮೂವತ್ತು ವರ್ಷ ಆರೋಗ್ಯ ಸಹಾಯಕಿಯಾಗಿ ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿದವಳು, ಎದೆಹಾಲು ಕೊಡ್ರಮ್ಮ ಎಂದು ಬಾಣಂತಿಯರ ಮುಂದೆ ಗಂಟಲು ಹರಿದುಕೊಂಡವಳು. ಹಳೆಯ ಮರಣ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಹತ್ತಿಸುತ್ತಿದ್ದಾರಂತೆ ಎಂದು ಬಾಯಿತಪ್ಪಿ ಅಂದೆ. ಅಮ್ಮ ಹಟ ಹಿಡಿದಳು.

"ಏನ್ ಕಾಯ್ಲೆ ಅಂತ ಬರ್ದಿರ್ತಾರಲ್ಲ, ನೋಡ್ಕೊಂಡ್ ಬಾ ಮಾರಾಯ್ತಿ. ಅವ್ವನ ತಪ್ಪಲ್ಲ ಅಂತ ಸಾಯೋದ್ರೊಳಗೆ ಒಂದ್ಸಲ ಕಣ್ಣಾರೆ ನೋಡ್ಬೇಕು."

ಪರಿಚಯದವರನ್ನು ಹಿಡಿದು ಭದ್ರಾವತಿಯ ಕಚೇರಿಗೆ ಹೋದೆ. ಒಂದು ಪುಟವನ್ನು ನಮ್ಮ ಓಣಿಯೇ ತುಂಬಿಕೊಂಡಿತ್ತು. ವಾಂತಿಭೇದಿ, ವಾಂತಿಭೇದಿ, ವಾಂತಿಭೇದಿ. ಎಲ್ಲರೂ ಒಂದೇ ಬಾವಿಯ ನೀರು ಕುಡಿದವರು. ಸಿಕ್ಕಿತಲ್ಲ ಎಂದು ಖುಷಿಯಾಯಿತು. ನಮ್ಮ ಕೂಸಿನ ಸಾಲಿಗೆ ಬಂದೆ. ಸಾವಿನ ಕಾರಣ: ತಾಯಿಯ ಹಾಲು ಆಗದೆ. ಎರಡನೆಯ ಕೂಸಿಗೂ ಅದೇ. ಆಗೆಲ್ಲ ಎಳೆಗೂಸಿಗೆ ಯಾವ ಡಾಕ್ಟರು? ಬಂದವರು ಹೇಳಿದ್ದನ್ನೇ ಗುಮಾಸ್ತ ಬರೆದುಕೊಳ್ಳುತ್ತಿದ್ದ. ತಿಳಿಸಿದವರು: ಕೂಸಿನ ತಂದೆ. ಪಕ್ಕದಲ್ಲಿ ಅಜ್ಜನ ಸಹಿ.

ಥೂ! ಆ ಪುಟ ಹರಿದು ಹಾಕಬೇಕು ಅನ್ನಿಸಿತು. ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಶಿವಮೊಗ್ಗದ ಬಸ್ ಹತ್ತಿದೆ. ಹೇಳುವ ಹಾಗಿಲ್ಲ, ಹೇಳದೆ ಇರುವ ಹಾಗಿಲ್ಲ. ಅಡಕತ್ತರಿಗೆ ಸಿಕ್ಕ ಅಡಿಕೆಯ ಪಾಡು ನನ್ನದು.

ರವೀಂದ್ರನಗರದ ಮನೆಯಲ್ಲಿ ಅಮ್ಮ ಕನ್ನಡಕ ಹಾಕಿಕೊಂಡೇ ಕೂತಿದ್ದಳು.

"ನೀರಿಂದಾನೇ ಅಮ್ಮ. ಓಣಿ ಮಕ್ಳೆಲ್ಲ ಹಂಗೇ ಹೋಗಿವೆ. ಬಜೆ ತೇಯ್ದು ನೆಕ್ಕಿಸ್ತಿದ್ರಲ್ಲ, ಅದೂ ಆ ಬಾವಿ ನೀರಲ್ಲೇ. ನಿಂಗೆ ಅದ್ನೂ ಕಾಯ್ಸಿದ ಹಾಲಲ್ಲೇ ತೇಯ್ದು ಕೊಟ್ರು, ಉಳ್ಕೊಂಡೆ."

"ಹಂಗಂತ ಬರ್ದಿದ್ಯಾ?"

ನಾನು ಮೊಬೈಲನ್ನು ಕೈಯಲ್ಲೇ ತಿರುಗಿಸುತ್ತಾ ಕೂತೆ. ಅವಳೇ ಕೈ ಚಾಚಿದಳು. ಅಕ್ಷರ ದೊಡ್ಡದು ಮಾಡಿಸಿಕೊಂಡು ಬೆರಳಿಟ್ಟು ನಿಧಾನವಾಗಿ ಓದಿದಳು. ಸಹಿಯ ಹತ್ತಿರ ಬೆರಳು ನಿಂತಿತು. ಆ ಕೈಬರಹ ಅವಳಿಗೆ ಗೊತ್ತು. ಅವಳಿಗೆ ಅಕ್ಷರ ತಿದ್ದಿಸಿದ್ದೇ ಅವಳಪ್ಪ.

ಮೊಬೈಲನ್ನು ನನ್ನ ಮಡಿಲಿಗಿಟ್ಟಳು. ಕನ್ನಡಕ ತೆಗೆದು ಮಡಚಿದಳು.

"ಅವ್ವಂಗೆ ಓದಕ್ ಬರ್ತಿರ್ಲಿಲ್ಲ," ಎಂದಳು. "ಒಳ್ಳೇದೇ ಆಯ್ತು ಬಿಡು."