ಹಗುರ ಕಂಪ್ಯೂಟರಿಗೆ ದಪ್ಪ ಕೌದಿ

ಕಳೆದ ಭಾನುವಾರ ಸಂಡೂರಿನಲ್ಲಿ ನಮ್ಮ ದೊಡ್ಡಪ್ಪ ಮಂಡಕ್ಕಿ ತಟ್ಟೆ ಎಸೆದರು. ಸ್ಟೀಲ್ ತಟ್ಟೆ. ಅದು ನೆಲಕ್ಕೆ ಬಿದ್ದು ಗರಗರ ತಿರುಗಿ ನಿಂತ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅಡುಗೆಮನೆಯಲ್ಲಿ ಒಂದು ಲೋಟ ಉರುಳಿದರೂ ಈ ವಾರವಿಡೀ ಬೆಚ್ಚಿಬೀಳುತ್ತಿದ್ದೇನೆ.

ತಟ್ಟೆ ಎಸೆಯುವಷ್ಟು ಸಿಟ್ಟು ಯಾಕೆ ಬಂತು ಅಂತೀರಾ? ಸಿಟ್ಟಿನಿಂದ ಎಸೆದದ್ದಲ್ಲ. ಅದೇನೆಂದು ಹೇಳಲು ಮೊದಲು ಒಂದು ಹಳೇ ಕಂಪ್ಯೂಟರಿನ ಕತೆ ಹೇಳಬೇಕು. (ಕಂಪ್ಯೂಟರ್ ಅಂದ ತಕ್ಷಣ ಪುಟ ತಿರುವಬೇಡಿ. ಇದರಲ್ಲಿ ಮಿರ್ಚಿಯೂ ಇದೆ.)

ದೊಡ್ಡಪ್ಪ ಗಣಿಯಲ್ಲಿ ಬ್ಲಾಸ್ಟಿಂಗ್ ಫೋರ್‌ಮನ್ ಆಗಿದ್ದವರು. ಗುಡ್ಡಕ್ಕೆ ಮದ್ದು ತುಂಬಿಸುವುದು, ಸೈರನ್ ಊದಿಸುವುದು, ಎಲ್ಲರೂ ದೂರ ಸರಿದರೋ ಇಲ್ಲವೋ ನೋಡಿ ಸಿಡಿಸುವುದು ಅವರ ಕೆಲಸ. ಸೈರನ್ ಕೆಟ್ಟ ದಿನ ಅವರ ಗಂಟಲೇ ಸೈರನ್. ರಿಟೈರ್ ಆದ ಮೇಲೂ ಆ ಮನೆಯಲ್ಲಿ ಪಿಸುಮಾತು ಎಂಬುದಿರಲಿಲ್ಲ. ಚಹಾ ಬೇಕೆಂದು ಅವರು ದೊಡ್ಡಮ್ಮನನ್ನು ಕೂಗಿದರೆ ಎದುರು ಮನೆಯವರು ಒಲೆ ಹಚ್ಚುತ್ತಿದ್ದರು.

ಆಮೇಲೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಬಲಗಾಲು ಹೋಯಿತು, ನಾಲಿಗೆ ತಿರುಗದಂತಾಯಿತು. ಗಂಟಲಿನಿಂದ ಸಣ್ಣದೊಂದು ‘ಹ್ಞಾ’ ಬಿಟ್ಟರೆ ಏನೂ ಬರುವುದಿಲ್ಲ. ಮನೆ ಇರುವುದು ರಸ್ತೆಯ ಮೇಲೆ. ಹಗಲಿಡೀ ಅದಿರು ಲಾರಿಗಳ ಸಾಲು. ಆ ಗದ್ದಲದಲ್ಲಿ ‘ಹ್ಞಾ’ ಯಾರಿಗೆ ಕೇಳಿಸಬೇಕು? ಬುದ್ಧಿ ಮಾತ್ರ ಮೊದಲಿನಷ್ಟೇ ಚುರುಕು. ಬೈಗುಳದ ಸ್ಟಾಕೂ ಅಷ್ಟೇ ಇದೆ. ಹೊರಬರುವ ದಾರಿಯಷ್ಟೇ ಮುಚ್ಚಿತ್ತು.

ಆ ದಾರಿ ತೆರೆದದ್ದು ಒಂದು ಕಂಪ್ಯೂಟರ್. ಅದಿರಿಗೆ ರೇಟ್ ಬಂದ ಮೇಲೆ ನಮ್ಮ ಕಡೆ ಎಲ್ಲವೂ ಹೊಸದು. ಜೀಪು ಹೊಸದು, ಸೋಫಾ ಹೊಸದು, ಮೊನ್ನೆ ಮೊನ್ನೆ ತಂದ ಕಂಪ್ಯೂಟರ್ ಆಗಲೇ ಹಳೆಯದು. ಆಫೀಸಿನವರು ಮೂಲೆಗೆ ಸರಿಸಿದ್ದ ಒಂದನ್ನು ‘ನಮ್ಮ ಫೋರ್‌ಮನ್ನರಿಗೆ ಇರ್ಲಿ’ ಎಂದು ಕಳಿಸಿಕೊಟ್ಟರು. ದೊಡ್ಡಪ್ಪ ಎಡಗೈಯ ಒಂದೇ ಬೆರಳಲ್ಲಿ ಕನ್ನಡ ಕುಟ್ಟುವುದು ಕಲಿತರು. ಅಕ್ಷರ ದೊಡ್ಡದು ಮಾಡಿಟ್ಟೆವು, ದೊಡ್ಡಮ್ಮನಿಗೆ ಬಾಗಿಲಿನಿಂದಲೇ ಕಾಣುವಂತೆ. ಅವತ್ತಿನಿಂದ ಆ ಡಬ್ಬಿಯೇ ಅವರ ಬಾಯಿ.

ಆದರೆ ಎಂಥ ಬಾಯಿ! ವಿಂಡೋಸ್ 98. ಕರೆಂಟ್ ಹೋಗಿ ಬಂದರೆ ಏಳುವುದಕ್ಕೆ ಯುಗ. ಎದ್ದ ಮೇಲೂ ಅರ್ಧ ಬೈಗುಳಕ್ಕೆ ಹ್ಯಾಂಗ್. ಸಿಟ್ಟಿನ ನಡುವೆ ಕರ್ಸರ್ ಕಲ್ಲಾಗಿ ನಿಂತರೆ ಮನುಷ್ಯನಿಗೆ ಹೇಗಾಗಬೇಕು? ದೊಡ್ಡಮ್ಮನಿಗೆ ಮಾತ್ರ ಖುಷಿ. “ಅದು ಏಳೋದ್ರಾಗ ಇವರ ಸಿಟ್ಟು ಇಳಿದಿರ್ತತಿ ಬಿಡು ತಂಗಿ. ಛಲೋನ ಆತು” ಎನ್ನುತ್ತಿದ್ದರು.

ನಾನು ಹೊಸಪೇಟೆಯಲ್ಲಿ ಕಾಲೇಜು ಲೆಕ್ಚರರ್ ಎಂಬುದು ಈ ಅಂಕಣ ಓದುವ ನಿಮಗೆ ಗೊತ್ತಿರುವುದೇ. ಒಂದು ಭಾನುವಾರ ಹೋದಾಗ ದೊಡ್ಡಪ್ಪ ಸ್ಕ್ರೀನ್ ಮೇಲೆ ಬರೆದರು: “ಲೇ ಮೇಡಮ್ಮ, ಕಾಲೇಜಿನಾಗ ಏನ್ ಕಡದು ಗುಡ್ಡಿ ಹಾಕ್ತಿ? ಈ ಹೆಣಕ್ಕ ಒಂದಿಷ್ಟು ಜೀವ ತುಂಬು.”

ತುಂಬೋಣ ಅಂದೆ. ಲಿನಕ್ಸ್ ಹಾಕೋಣ ಅಂದೆ.

ಗೊತ್ತಿಲ್ಲದವರಿಗೆ ಒಂದು ಮಾತು. ವಿಂಡೋಸ್ ಮಾಡುವ ಕೆಲಸವನ್ನೇ ಮಾಡುವ, ಪುಕ್ಕಟೆ ಸಿಗುವ ಇನ್ನೊಂದು ವ್ಯವಸ್ಥೆ ಲಿನಕ್ಸ್. ಅದರಲ್ಲಿ ನೂರೆಂಟು ಬಗೆ. ಡಿಸ್ಟ್ರೋ ಅನ್ನುತ್ತಾರೆ. ಮನೆಮನೆಯ ಉಪ್ಪಿನಕಾಯಿ ಇದ್ದಂತೆ: ಮಾವಿನಕಾಯಿ ಅದೇ, ಕೈ ಬೇರೆ. ಹಳೇ ಕಂಪ್ಯೂಟರಿನ ಹೊಟ್ಟೆಗೆ ಒಗ್ಗುವಂಥದ್ದನ್ನು ಹುಡುಕಬೇಕು, ಅಷ್ಟೇ. ‘ಅಷ್ಟೇ’ ಅಂದುಕೊಂಡೆ.

ಹೊಸಪೇಟೆ ಬಸ್‌ಸ್ಟ್ಯಾಂಡ್ ಹತ್ತಿರದ ನೆಟ್ ಕೆಫೆಯಲ್ಲಿ ಡೌನ್‌ಲೋಡ್ ಮಾಡಿ, ಸಿಡಿ ಬರೆಸಿಕೊಂಡು, ಲಾರಿ ಸಾಲಿನ ಹಿಂದೆ ತೆವಳುವ ಬಸ್ಸಿನಲ್ಲಿ ಸಂಡೂರಿಗೆ. ಮೊದಲು ಹಾಕಿದ್ದು ಕ್ಸುಬುಂಟು. ಕನ್ನಡ ಮುತ್ತಿನಂತೆ ಬಂತು. ಆದರೆ ಆ ಬಡಪಾಯಿ ಯಂತ್ರ ಜೋಳದ ಚೀಲ ಹೊತ್ತು ಮೆಟ್ಟಿಲು ಹತ್ತಿದವರ ಹಾಗೆ ಏದುಸಿರು ಬಿಟ್ಟಿತು. ಮುಂದಿನ ವಾರ ಡ್ಯಾಮ್ ಸ್ಮಾಲ್ ಲಿನಕ್ಸ್. ಹೆಸರೇ ಹೇಳುವಂತೆ ಅಂಗೈಯಗಲದ್ದು. ಹಾರಿತು! ಆದರೆ ಕನ್ನಡ ಒತ್ತಿದರೆ ಬರೀ ಚೌಕ ಚೌಕ ಡಬ್ಬಿಗಳು. ದೊಡ್ಡಮ್ಮ ಇಣುಕಿ ನೋಡಿ, “ಇದೇನು ತಂಗಿ, ಇಟ್ಟಂಗಿ ಜೋಡಿಸಿಟ್ಟಂಗ ಐತಲ್ಲ!” ಅಂದರು. ದೊಡ್ಡಪ್ಪ ಏನೂ ಬರೆಯಲಿಲ್ಲ. (ಬರೆದರೂ ಇಟ್ಟಂಗಿಯೇ ಬರುತ್ತಿತ್ತು.) ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅಷ್ಟೇ ಸಾಕಾಯಿತು.

ಕೊನೆಗೆ ಪಪ್ಪಿ. ಅದೊಂದು ಪುಟ್ಟ ಜಾಣ ಲಿನಕ್ಸ್. ಇಡೀ ಸಿಸ್ಟಮ್ ಮೆಮೊರಿಯೊಳಗೇ ಹೋಗಿ ಕುಳಿತುಬಿಡುತ್ತದೆ, ಹಾರ್ಡ್ ಡಿಸ್ಕ್ ಕರಕರ ಎನ್ನುವ ಪ್ರಶ್ನೆಯೇ ಇಲ್ಲ. ಕನ್ನಡ ಫಾಂಟ್ ಸೇರಿಸಿದೆ, ಕೀಬೋರ್ಡ್ ಹೊಂದಿಸಿದೆ. ಆನ್ ಮಾಡಿ ದೊಡ್ಡಪ್ಪ ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ರೆಡಿ! ಅದರ ಗುರುತು ನಾಯಿಮರಿ ಎಂದು ತೋರಿಸಿದೆ. “ಛಲೋ ಐತಿ. ಹಾಲು ಹಾಕಬೇಕೇನು?” ಎಂದು ಬರೆದರು. ಒಂದು ಒತ್ತಕ್ಷರವೂ ಒಡೆಯಲಿಲ್ಲ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಹಗುರ ಮಾಡುವುದೂ ಒಂದು ಚಟ, ಬಲ್ಲವರು ಬಲ್ಲರು. ಆಟಗಳು ಬೇಡ, ತೆಗೆ. ಚಿತ್ರ ಬಿಡಿಸುವುದು ಬೇಡ, ತೆಗೆ. ಸೌಂಡ್? ಅದು ತಾನಾಗಿ ಕೆಲಸ ಮಾಡುತ್ತಿರಲಿಲ್ಲ, ಕೂತು ಹೊಂದಿಸಬೇಕಿತ್ತು. ಹಾಡು ಕೇಳಲು ದೊಡ್ಡಪ್ಪನಿಗೆ ರೇಡಿಯೊ ಇದೆಯಲ್ಲ! ಬಿಟ್ಟೆ. ಟೇಬಲ್ ಮೇಲಿದ್ದ ಸ್ಪೀಕರ್ ಜೋಡಿ, ಅದರ ವೈರು ಎಲ್ಲ ಅಟ್ಟಕ್ಕೆ. ಟೇಬಲ್ ಎಷ್ಟು ಖಾಲಿ, ಎಷ್ಟು ಚೊಕ್ಕ! ಬಸ್ಸಿನಲ್ಲಿ ಮರಳುವಾಗ ಎಂಥ ಹೆಮ್ಮೆ ನನಗೆ.

ಹೆಮ್ಮೆ ನನಗೊಬ್ಬಳಿಗೇ ಅಲ್ಲ. ಕಳೆದ ಭಾನುವಾರ ಹೋಗಿ ನೋಡಿದರೆ ಟೇಬಲ್ ಕೆಳಗಿನ ಸಿಪಿಯುಗೆ ಹೊಸ ಬಟ್ಟೆ! ಆ ಮನೆಯಲ್ಲಿ ಧೂಳಿನೊಂದಿಗೆ ದೊಡ್ಡಮ್ಮನದು ನಿತ್ಯ ಯುದ್ಧ. ಹೊಸ್ತಿಲಲ್ಲಿ ಕಾಲೊರೆಸಲು ಹಸಿ ಗೋಣಿಚೀಲ, ಟಿವಿಗೆ ಒಂದು ಹೊದಿಕೆ, ಮಿಕ್ಸಿಗೆ ಒಂದು ಹೊದಿಕೆ. ಆದರೂ ಬೆಳಿಗ್ಗೆ ಒರೆಸಿದ್ದು ಮಧ್ಯಾಹ್ನಕ್ಕೆ ಕೆಂಪು. ಈಗ ಹಳೇ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಕಂಪ್ಯೂಟರಿಗೆಂದೇ ಒಂದು ಕೌದಿ ಹೊಲಿದಿದ್ದರು. ಗುಂಡಿ ಒತ್ತಲು ಒಂದು ಕಿಟಕಿ, ಸಿಡಿಗೆ ಒಂದು ಕಿಟಕಿ. ಹಿಂದೆ ಪೂರ್ತಿ ಬಂದ್. ಅಂಚಿಗೆ ಹಸಿರು ದಾರದ ಹೊಲಿಗೆ.

“ವಯಸ್ಸಾದ ಜೀವ ಅದು. ಧೂಳಿಗೆ ಬಿಟ್ಟರ ಹೆಂಗ?” ಅಂದರು.

“ಭಾಳ ಚಂದ ಐತಿ ದೊಡ್ಡಮ್ಮ” ಅಂದೆ. ಕಂಪ್ಯೂಟರೂ ಉಸಿರಾಡಬೇಕು ಎಂದು ಮಕ್ಕಳಿಗೆ ಹೇಳಿಕೊಡುವವಳು ನಾನು. ಆ ಹೊಲಿಗೆ ನೋಡುತ್ತ ಅದೊಂದು ಹೊಳೆಯಲೇ ಇಲ್ಲ. ಮೊದಲು ಆ ಯಂತ್ರವನ್ನು ಬೇಕಾದಾಗಷ್ಟೇ ಹಚ್ಚುತ್ತಿದ್ದರು. ಈಗ ಚುರುಕಾಗಿದೆ ಎಂದು ಹಗಲಿಡೀ ಚಾಲೂ. ಕೌದಿ ಹೊದ್ದುಕೊಂಡು.

ದೊಡ್ಡಪ್ಪ ಬರೆದರು: “ಸೌಂಡ್ ಬರವಲ್ದು.”

“ನಿಮಗ್ಯಾಕ ಸೌಂಡು ದೊಡ್ಡಪ್ಪ? ಡ್ಯಾನ್ಸ್ ಮಾಡ್ತೀರೇನು?”

“ನಿನ್ನ ಹತ್ರ ಪಾಠ ಕೇಳೋ ಹುಡುಗ್ರನ್ನ ದೇವರ ಕಾಪಾಡಬೇಕು.”

ಜೋರಾಗಿ ನಕ್ಕೆ. ಅವರ ಪಕ್ಕ ಮಂಡಕ್ಕಿ ತಟ್ಟೆ ಇಟ್ಟು, ಮಿರ್ಚಿ ಎಷ್ಟೊತ್ತು ಎಂದು ಅಡುಗೆಮನೆಗೆ ಹೋದೆ.

ದೊಡ್ಡಮ್ಮ ಬಾಣಲೆಗೆ ಮಿರ್ಚಿ ಬಿಡುತ್ತ ಗುಟ್ಟು ಹೇಳುವಂತೆ ಹೇಳಿದರು: “ನಿನ್ನ ಲಿನಕ್ಸ್‌ನಾಗ ಏನ್ ಮಂತ್ರ ಐತೋ ತಂಗಿ. ಇದು ಬಂದಾಗಿಂದ ಇವರು ಭಾಳ ಶಾಂತ ಆಗ್ಯಾರ. ಮೊದಲಿನಂಗ ಸಣ್ಣ ಸಣ್ಣದಕ್ಕ ಕರ್ಯಂಗಿಲ್ಲ. ತಮ್ಮ ಪಾಡಿಗೆ ತಾವು ಕುಂತಿರ್ತಾರ.”

ಹಿಗ್ಗಿದೆ. ಸಾಫ್ಟ್‌ವೇರ್ ಒಂದರಿಂದ ಮನುಷ್ಯ ತಣ್ಣಗಾಗುವುದುಂಟೇ, ಅದನ್ನೇ ಒಂದು ಅಂಕಣ ಮಾಡಬಹುದು ಎಂದೂ ಅಂದುಕೊಂಡೆ. ಹೊರಗೆ ಲಾರಿಗಳ ಸದ್ದು. ಆಗಲೇ ತಟ್ಟೆ ಬಿದ್ದದ್ದು.

“ನೋಡಿದೇನು, ಹೊಗಳೂದೇ ತಪ್ಪು!” ಎಂದರು ದೊಡ್ಡಮ್ಮ. “ಮಿರ್ಚಿ ತಡ ಆತಂತ ಸಿಟ್ಟು. ತಡಿ, ಇದೊಂದು ಬೇಯಲಿ, ಒಯ್ದು ಕೊಡು.”

ನಾನು ನಿಂತೆ. ಮಿರ್ಚಿ ಕೆಂಪಗಾಗಲಿ ಎಂದು ಕಾಯುತ್ತ ನಿಂತೆ.

ವಾರವಿಡೀ ತಲೆಯೊಳಗೆ ಮತ್ತೆ ಮತ್ತೆ ಓಡುತ್ತಿರುವುದು ಬೆಂಕಿಯಲ್ಲ, ಆ ನಿಲ್ಲುವಿಕೆ. ಬಾಣಲೆಯ ಚುರ್ ಎನ್ನುವ ಸದ್ದು, ತಿರುವಿ ಹಾಕುವ ಜಾಲರಿ ಸೌಟು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ.

ಮಿರ್ಚಿ ಹಿಡಿದು ಹೋದವಳಿಗೆ ಕಂಡದ್ದು ಹೊಗೆ. ಸುಟ್ಟ ಸೀರೆಯ ವಾಸನೆ. ಕೌದಿಯ ಹಿಂಬದಿ ಕೆಂಡದ ಹಾಗೆ ಕೆಂಪಾಗಿ, ಒಂದು ಮೂಲೆಯಲ್ಲಿ ಉರಿ ಎದ್ದಿತ್ತು. ಅದರ ಪಕ್ಕದಲ್ಲೇ ಚಾಚಿದ್ದ ದೊಡ್ಡಪ್ಪನ ಬಲಗಾಲು. ಅಲ್ಲಾಡಿಸಲಾಗದ ಕಾಲು. ಲುಂಗಿಯ ಅಂಚಿಗೂ ಉರಿಗೂ ಒಂದು ಗೇಣು ಇರಬಹುದು. ಅವರು ಎಡಗೈಯಿಂದ ಕೀಬೋರ್ಡನ್ನು ಬಡಿಯುತ್ತಿದ್ದರು. ಸ್ಕ್ರೀನ್ ತುಂಬ ದೊಡ್ಡ ದೊಡ್ಡ ಅಕ್ಷರ:

“ಬೆಂಕಿ. ಬರ್ರಿ. ಬೆಂಕಿ. ಬರ್ರಿ.”

ಎಷ್ಟು ಚಂದದ ಕನ್ನಡ! ಓದುವವರು ಮಾತ್ರ ಅಡುಗೆಮನೆಯಲ್ಲಿದ್ದರು.

ಕುರ್ಚಿ ಎಳೆದೆ. ಅಲ್ಲಾಡಲಿಲ್ಲ. ಕಿರುಚಿದೆ. ದೊಡ್ಡಮ್ಮ ಓಡಿ ಬಂದರು, ಇಬ್ಬರೂ ಸೇರಿ ಕುರ್ಚಿ ಸಮೇತ ದೊಡ್ಡಪ್ಪನನ್ನು ಬಾಗಿಲಿಗೆ ಎಳೆದೆವು. ದೊಡ್ಡಮ್ಮ ಕೊಡ ಎತ್ತಿದ್ದು ಕಂಡಿತು. “ನೀರು ಬ್ಯಾಡ ದೊಡ್ಡಮ್ಮಾ! ಕರೆಂಟ್ ಐತಿ!” ಮೇನ್ ಸ್ವಿಚ್ ಕೆಳಗೆಳೆದು, ಹೊಸ್ತಿಲಲ್ಲಿದ್ದ ಹಸಿ ಗೋಣಿಚೀಲ ಎತ್ತಿ ಉರಿಯ ಮೇಲೆ ಹೊಚ್ಚಿ ಒತ್ತಿದೆ. ಬುಸ್ ಎಂದಿತು. ಆರಿತು. ಧೂಳಿನ ಭಯಕ್ಕೆ ಹೊಲಿದದ್ದು ಹೊತ್ತಿಕೊಂಡಿತು, ಧೂಳಿನ ಭಯಕ್ಕೆ ಹಾಸಿದ್ದು ಆರಿಸಿತು.

ಜಗಲಿಯಲ್ಲಿ ಮೂವರೂ ಕುಳಿತೆವು. “ನಾನ ಹೊಲದೆ. ನನ್ನ ಕೈಯಾರ ಹೊಲದೆ” ಎಂದು ದೊಡ್ಡಮ್ಮ ಅಳುತ್ತಿದ್ದರು. ದೊಡ್ಡಪ್ಪ ಎಡಗೈಯಿಂದ ಅವರ ಬೆನ್ನು ತಟ್ಟುತ್ತಿದ್ದರು. ಬಳಿಕ ನನ್ನ ಕಡೆ ತಿರುಗಿ, ಕೈ ಚಾಚಿ, ಮೊಬೈಲ್ ಕೊಡು ಎಂಬಂತೆ ಸನ್ನೆ ಮಾಡಿದರು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಒತ್ತಿದರು, ಬಹಳ ಹೊತ್ತು. ಓದಿದೆ.

“ಸೈರನ್ ಕಿತ್ತು ಬ್ಲಾಸ್ಟಿಂಗ್ ಮಾಡಿದೆಲ್ಲೇ ಮೇಡಮ್ಮ.”

ನನಗೆ ತಿಳಿಯಲಿಲ್ಲ. ದೊಡ್ಡಮ್ಮನಿಗೆ ತಿಳಿಯಿತು. ಸೆರಗಿನಿಂದ ಮುಖ ಒರೆಸುತ್ತಿದ್ದವರು ಅಲ್ಲೇ ಕೈ ನಿಲ್ಲಿಸಿದರು.

“ಹೌದಲ್ಲ! ಮೊದಲಿನದ್ರಾಗ ಟಿಂಗ್ ಅಂತಿತ್ತು ತಂಗಿ. ಅದ್ಯಾವುದೋ ಗುಂಡಿ ತಪ್ಪಾಗಿ ಒತ್ತಿದ್ರ ಟಿಂಗ್ ಅಂತಿತ್ತಲ್ಲ, ಬೇಕಂತಲೇ ಅದನ್ನ ಒತ್ತಿ ನನ್ನ ಕರೀತಿದ್ರು. ನಾ ಹಿತ್ತಲದಾಗ ಇದ್ರೂ ಕೇಳ್ತಿತ್ತು. ಶಾಂತ ಆಗ್ಯಾರ ಅಂದ್ಕೊಂಡ್ನೆಲ್ಲ ನಾನು...”

ನನಗೆ ಹೇಗೆ ಗೊತ್ತಿರಬೇಕು? ನಾನು ಹೋದಾಗಲೆಲ್ಲ ಅವರ ಎದುರಿಗೇ ಕುಳಿತಿರುತ್ತೇನೆ. ಎದುರಿಗಿರುವವರನ್ನು ಯಾರು ಗಂಟೆ ಹೊಡೆದು ಕರೆಯುತ್ತಾರೆ? ವಿಂಡೋಸ್ ‘ತಪ್ಪು’ ಎಂದು ಗದರುವ ಸದ್ದನ್ನು ಆ ಮನುಷ್ಯ ತನ್ನ ಕೂಗು ಮಾಡಿಕೊಂಡಿದ್ದರು. ನಾನು ಅದನ್ನು ಅನಗತ್ಯ ಭಾರದ ಲೆಕ್ಕಕ್ಕೆ ಸೇರಿಸಿ ಅಟ್ಟಕ್ಕೆ ಹಾಕಿದ್ದೆ.

ಹೊಸಪೇಟೆಯ ಮೆಕ್ಯಾನಿಕ್ ಕ್ಯಾಬಿನೆಟ್ ಬಿಚ್ಚಿದಾಗ ಒಳಗೆ ಕೆಂಪು ಧೂಳು ಗಾಣದ ಹಿಂಡಿಯಂತೆ ಗಟ್ಟಿಯಾಗಿತ್ತು, ಫ್ಯಾನ್ ಎಂದೋ ನಿಂತಿತ್ತು. ಹಾರ್ಡ್ ಡಿಸ್ಕ್ ಬದುಕಿದೆ. “ಇದನ್ನ ಒಗೆದು ಹೊಸದು ತಗೊಳ್ರಿ ಮೇಡಂ, ಎಲ್ಲಾರೂ ಹೊಸದೇ ತಗೊಳ್ಳಾಕತ್ಯಾರ” ಎಂದ ಆತ. ದೊಡ್ಡಪ್ಪ ಒಪ್ಪಲಿಲ್ಲ. ಬೆರಳಿಗೆ ರೂಢಿಯಾದದ್ದು ಅದೇ. ಸುಟ್ಟ ಭಾಗ ಬದಲಾಯಿಸಿ, ಅದೇ ಪಪ್ಪಿಯನ್ನು ಮತ್ತೆ ಹಾಕಿ, ಕೂಡಲೇ ಅಟ್ಟ ಹತ್ತಿ ಸ್ಪೀಕರ್ ಇಳಿಸಿದೆ. ಸೌಂಡ್ ಹೊಂದಿಸಿ, ಒಂದೇ ಕೀ ಒತ್ತಿದರೆ ಟಿಂಗ್ ಬರುವಂತೆ ಮಾಡಿದೆ. ಸಿಸ್ಟಮ್ ಒಂದಿಷ್ಟು ನಿಧಾನವಾಯಿತು. ಆಗಲಿ. ಕೌದಿಯ ಸುಡದ ತುಂಡು ಈಗ ದೊಡ್ಡಪ್ಪನ ಕುರ್ಚಿಯ ಮೇಲಿದೆ.

ನಿನ್ನೆ ಫೋನ್ ಮಾಡಿದೆ. ದೊಡ್ಡಮ್ಮನ ದನಿಯ ಹಿಂದೆ ಒಂದೇ ಸಮ ಟಿಂಗ್, ಟಿಂಗ್, ಟಿಂಗ್.

“ಬೆಳಿಗ್ಗಿಂದ ಹಿಂಗ ನೋಡು! ಫ್ಯಾನ್ ಹಾಕು ಟಿಂಗ್, ಫ್ಯಾನ್ ಆರಿಸು ಟಿಂಗ್. ತಲಿ ಚಿಟ್ ಹಿಡೀತು. ಇವರ ಕಂಪ್ಯೂಟರಿಗಿಷ್ಟು ಬೆಂಕಿ ಹಾಕ...”

ಅಂದವರೇ ನಾಲಿಗೆ ಕಚ್ಚಿಕೊಂಡರು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಯಾಕೆ ನಗುತ್ತೀರೆಂದು ಕೇಳಲು ಇರಬೇಕು, ಹಿಂದಿನಿಂದ ಮತ್ತೊಂದು ಟಿಂಗ್.

ನಿಮ್ಮಲ್ಲಿ ಕೆಲವರು ಆಗಾಗ ಬರೆದು ಕೇಳುತ್ತೀರಿ: ಮನೆಯ ಹಿರಿಯರ ಹಳೇ ಕಂಪ್ಯೂಟರಿಗೆ ಯಾವ ಲೈಟ್‌ವೇಟ್ ಲಿನಕ್ಸ್ ಒಳ್ಳೆಯದು ಮೇಡಂ? ಹೇಳುತ್ತೇನೆ. ಆದರೆ ಡೌನ್‌ಲೋಡ್‌ಗೆ ಕೈ ಹಾಕುವ ಮುಂಚೆ, ಒಂದು ದಿನ ಪಕ್ಕದ ಕೋಣೆಯಲ್ಲಿ ಸುಮ್ಮನೆ ಕೂತು ಕೇಳಿಸಿಕೊಳ್ಳುತ್ತೀರಾ?